ನಮ್ಮದಲ್ಲದ ಧೂಳು

ಮಳೆಗಾಲದಲ್ಲಿ ಕರೆಂಟು ಹೋಗಿ, ಊಟ ಮುಗಿದು, ಬಚ್ಚಲ ಒಲೆಯ ಮುಂದೆ ಎಲ್ಲರೂ ಕೂತರೆ ನಮ್ಮ ಮನೆಯ ಮಕ್ಕಳ ಬೇಡಿಕೆ ಒಂದೇ: “ಅಜ್ಜಾ, ಆ ಧೂಳಿನ ಕಥೆ ಹೇಳು.” ಹೇಳಿ ಹೇಳಿ ಅದಕ್ಕೊಂದು ಓಟ ಬಂದುಬಿಟ್ಟಿದೆ. ಒಲೆಯ ಮುಂದೆ ಹೇಳುವ ಹಾಗೆಯೇ ಇಲ್ಲೂ ಬರೆಯುತ್ತಿದ್ದೇನೆ. ಮಕ್ಕಳು ನಡುನಡುವೆ ಕೇಳುವ ಪ್ರಶ್ನೆಗಳನ್ನೂ ಬಿಟ್ಟಿಲ್ಲ; ದೊಡ್ಡ ದೊಡ್ಡ ವಿಜ್ಞಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದೂ ಅವೇ ಪ್ರಶ್ನೆಗಳಿಗೆ.

2006ರ ಜನವರಿ 15, ಭಾನುವಾರ. ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು ಆಗಷ್ಟೇ ನಿವೃತ್ತನಾಗಿ ಮನೆಯಲ್ಲಿದ್ದೆ. ನನ್ನ ಅಕ್ಕನ ಮಗ ಪೇಟೆಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ. ಭಾನುವಾರ ಮಧ್ಯಾಹ್ನ ಗಿರಾಕಿ ಕಡಿಮೆ. “ಬನ್ನಿ ಮಾವ, ನಾಸಾದ ವಿಡಿಯೊ ಹಾಕಿಕೊಡ್ತೀನಿ, ಬಂದಷ್ಟು ಬರಲಿ” ಅಂದ. ಬಂದದ್ದು ತುಂಡುತುಂಡಾಗಿ. ಚಿತ್ರ ನಿಂತೇಬಿಡುತ್ತಿತ್ತು, ದನಿ ಮುಂದೆ ಹೋಗುತ್ತಿತ್ತು, ಆಮೇಲೆ ಚಿತ್ರ ಓಡಿಬಂದು ದನಿಯನ್ನು ಹಿಡಿಯುತ್ತಿತ್ತು. ನಾವಿಬ್ಬರೂ ಕುರ್ಚಿಯ ತುದಿಗೆ ಬಂದಿದ್ದೆವು.

ನಮ್ಮಲ್ಲಿ ಮಧ್ಯಾಹ್ನ 3.40 ಆಗುವಾಗ ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ ನಡುರಾತ್ರಿ ಕಳೆದು 3.10. ಸ್ಟಾರ್‌ಡಸ್ಟ್ ಎಂಬ ನೌಕೆ 1999ರ ಫೆಬ್ರವರಿಯಲ್ಲಿ ಹೊರಟು, ಏಳು ವರ್ಷ ಸೂರ್ಯನ ಸುತ್ತ ಅಲೆದು, ತಾನು ಹಿಡಿದ ಧೂಳನ್ನು 46 ಕಿಲೋ ತೂಕದ ಒಂದು ಕೋಶದಲ್ಲಿಟ್ಟು ಭೂಮಿಯತ್ತ ಬಿಟ್ಟಿತ್ತು. ಆ ಕೋಶ ಸೆಕೆಂಡಿಗೆ 12.9 ಕಿ.ಮೀ. ವೇಗದಲ್ಲಿ ವಾಯುಮಂಡಲಕ್ಕೆ ನುಗ್ಗಿತು. ಮನುಷ್ಯ ಮಾಡಿದ ಯಾವ ವಸ್ತುವೂ ಅಲ್ಲಿಯವರೆಗೆ ಅಷ್ಟು ವೇಗದಲ್ಲಿ ಭೂಮಿಗೆ ಮರಳಿರಲಿಲ್ಲ.

ವೇಗಕ್ಕಿಂತ ನನಗೆ ಭಯವಿದ್ದದ್ದು ಪ್ಯಾರಾಚೂಟಿನದು. 2004ರ ಸೆಪ್ಟೆಂಬರ್ 8ರಂದು ಜೆನೆಸಿಸ್ ಎಂಬ ನೌಕೆಯ ಕೋಶ ಸೌರಮಾರುತದ ಕಣಗಳನ್ನು ಹೊತ್ತುಕೊಂಡು ಇದೇ ಮರುಭೂಮಿಗೆ ಬಂದಿತ್ತು. ವೇಗ ತಗ್ಗಿದ್ದನ್ನು ಗ್ರಹಿಸಬೇಕಾದ ಪುಟ್ಟ ಸ್ವಿಚ್ಚುಗಳನ್ನು ತಲೆಕೆಳಗಾಗಿ ಕೂರಿಸಿದ್ದರಿಂದ ಪ್ಯಾರಾಚೂಟು ಬಿಚ್ಚಲೇ ಇಲ್ಲ. ಕೋಶ ನೆಲಕ್ಕೆ ಬಡಿದು ಅರ್ಧ ಹೂತುಹೋಯಿತು. ಆ ಚಿತ್ರ ಪತ್ರಿಕೆಯಲ್ಲಿ ನೋಡಿದ್ದೆ. ಸ್ಟಾರ್‌ಡಸ್ಟ್ ಕೋಶವೂ ಹಾಗೇ ಬಿದ್ದರೆ ಏಳು ವರ್ಷದ ಧೂಳು ಯೂಟಾದ ಮಣ್ಣಿನ ಜೊತೆ ಕಲಸಿಹೋಗುತ್ತಿತ್ತು. ಆಮೇಲೆ ಯಾವುದು ಆಕಾಶದ್ದು, ಯಾವುದು ನೆಲದ್ದು ಅಂತ ಹೇಳುವವರು ಯಾರು? ಈ ಪ್ರಶ್ನೆಯನ್ನು ಮರೆಯಬೇಡಿ. ನಮ್ಮ ಕಥೆಯೆಲ್ಲ ಇದರ ಸುತ್ತಲೇ ಇದೆ.

ಪ್ಯಾರಾಚೂಟು ಬಿಚ್ಚಿತು. ಕೋಶ ಮೆಲ್ಲಗೆ ಇಳಿಯಿತು. ಹೆಲಿಕಾಪ್ಟರಿನವರು ಕತ್ತಲಲ್ಲೇ ಹುಡುಕಿ ತಂದರು. ಎರಡು ದಿನದ ಮೇಲೆ ಅದು ಹೂಸ್ಟನ್‌ನ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಸ್ವಚ್ಛ ಕೊಠಡಿ ಸೇರಿತು. ಅಕ್ಕನ ಮಗ ಎದ್ದುನಿಂತು ಚಪ್ಪಾಳೆ ಹೊಡೆದ. ಪಕ್ಕದ ಕಂಪ್ಯೂಟರಿನಲ್ಲಿ ಪಿಯುಸಿ ಫಲಿತಾಂಶದ ಹಳೆಯ ಪುಟ ತೆರೆದುಕೊಂಡಿದ್ದ ಹುಡುಗನೊಬ್ಬ ನಮ್ಮಿಬ್ಬರನ್ನೂ ನೋಡಿ, ಏನು ಗೆದ್ದೆವು ಅಂತ ಕೇಳಿದ.

ಇಲ್ಲಿಗೆ ಬರುವಾಗ ಮಕ್ಕಳಲ್ಲಿ ಸಣ್ಣವಳು ತಪ್ಪದೆ ಕೇಳುತ್ತಾಳೆ: “ಧೂಳು ತರೋಕೆ ಅಷ್ಟು ದೂರ ಯಾಕೆ ಹೋಗಬೇಕು ಅಜ್ಜಾ? ನಮ್ಮ ಅಟ್ಟದ ಮೇಲೆ ಬೇಕಾದಷ್ಟಿದೆಯಲ್ಲ?”

ಅಟ್ಟದ ಧೂಳು ಭೂಮಿಯದು. ನಕ್ಷತ್ರಗಳ ನಡುವೆ ಇರುವ ಧೂಳು ಬೇರೆ. ಮುದಿ ನಕ್ಷತ್ರಗಳು ಉಗುಳಿದ್ದು, ಸಿಡಿದ ನಕ್ಷತ್ರಗಳು ಚೆಲ್ಲಿದ್ದು, ಆ ಖಾಲಿಯಲ್ಲೇ ಮತ್ತೆ ಮತ್ತೆ ಒಡೆದು ಮತ್ತೆ ಮತ್ತೆ ಕೂಡಿದ್ದು. ಒಂದೊಂದು ಕಣ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು, ಹೆಚ್ಚಿನವು ಅದಕ್ಕಿಂತಲೂ ಸಣ್ಣವು. ಬೇಸಿಗೆಯ ರಾತ್ರಿ ಆಕಾಶಗಂಗೆಯ ನಡುವೆ ಕಪ್ಪು ಕಪ್ಪು ತೇಪೆಗಳು ಕಾಣುತ್ತವಲ್ಲ, ಅಲ್ಲಿ ನಕ್ಷತ್ರಗಳು ಇಲ್ಲದೆ ಕತ್ತಲಾದದ್ದಲ್ಲ. ನಡುವೆ ಈ ಧೂಳು ನಿಂತು ಬೆಳಕನ್ನು ತಡೆದಿದೆ. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ಎಂಬ ಖಗೋಳಜ್ಞರು ನಕ್ಷತ್ರಗುಚ್ಛಗಳನ್ನು ಅಳೆದು, ದೂರದ ಗುಚ್ಛಗಳು ಇರಬೇಕಾದ್ದಕ್ಕಿಂತ ಮಂಕಾಗಿರುವುದು ಈ ಧೂಳಿನಿಂದಲೇ ಎಂದು ತೋರಿಸಿಕೊಟ್ಟರು. ಆಮೇಲಿನ ಅರವತ್ತು ವರ್ಷ ನಮಗೆ ಆ ಧೂಳಿನ ಬಗ್ಗೆ ಗೊತ್ತಿದ್ದದ್ದೆಲ್ಲ ಬೆಳಕು ಹೇಳಿದ್ದು: ಎಷ್ಟು ಮಂಕು ಮಾಡಿತು, ಎಷ್ಟು ಕೆಂಪು ಮಾಡಿತು, ಅವಕೆಂಪಿನಲ್ಲಿ ಯಾವ ಅಲೆಯನ್ನು ನುಂಗಿತು. ಮೈಮುಟ್ಟಿ ನೋಡಿದವರು ಇರಲಿಲ್ಲ.

ಮತ್ತೆ, ಇಂಥ ಧೂಳು ಬೆರೆತ ಅನಿಲದ ಮೋಡದಿಂದಲೇ ಸೂರ್ಯ ಹುಟ್ಟಿದ್ದು, ಭೂಮಿ ಗಟ್ಟಿಯಾದದ್ದು. ಒಲೆಯ ಕಲ್ಲಿನ ಸಿಲಿಕಾನ್, ನಿನ್ನ ರಕ್ತದ ಕಬ್ಬಿಣ ಎಲ್ಲವೂ ಒಂದು ಕಾಲಕ್ಕೆ ಹೀಗೆ ತೇಲುತ್ತಿದ್ದದ್ದೇ. ಅದಕ್ಕೆ ಹೋಗಬೇಕಾಯಿತು, ಮಗಳೇ.

ಉಲ್ಕಾಶಿಲೆಗಳಲ್ಲಿ ಇದರ ಹಳೆಯ ಪೀಳಿಗೆ ಸಿಕ್ಕಿದೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಕಲ್ಲಿನೊಳಗೆ ಸೂರ್ಯನಿಗಿಂತ ಹಳೆಯ ಕಣಗಳಿವೆ. ಆದರೆ ಅವು ಸೌರಮಂಡಲ ಹುಟ್ಟುವ ಮುಂಚಿನವು, 450 ಕೋಟಿ ವರ್ಷಕ್ಕೂ ಹಿಂದಿನವು. ಇವತ್ತು ಆಕಾಶಗಂಗೆಯಲ್ಲಿ ಹರಿಯುತ್ತಿರುವ ಧೂಳು ಹೇಗಿದೆ ಅನ್ನುವುದು ಬೇರೆಯೇ ಪ್ರಶ್ನೆ.

ಅದಕ್ಕೆ ಮೊದಲ ಉತ್ತರ ಕೊಟ್ಟದ್ದು ಯೂಲಿಸಿಸ್ ಎಂಬ ನೌಕೆ. ಸೂರ್ಯನ ಧ್ರುವಗಳನ್ನು ನೋಡಲೆಂದು 1990ರ ಅಕ್ಟೋಬರಿನಲ್ಲಿ ಹಾರಿಸಿದ್ದು. ಅದರ ಮೇಲೊಂದು ಧೂಳು ಅಳೆಯುವ ಉಪಕರಣವಿತ್ತು, ಜರ್ಮನಿಯ ಎಬರ್‌ಹಾರ್ಡ್ ಗ್ರೂನ್ ಅವರ ತಂಡದ್ದು. 1992ರ ಫೆಬ್ರವರಿಯಲ್ಲಿ ನೌಕೆ ಗುರುಗ್ರಹದ ಪಕ್ಕದಲ್ಲಿ ಹಾದು ಮುಂದೆ ಹೋದಾಗ, ಗ್ರಹಗಳು ಸುತ್ತುವ ದಿಕ್ಕಿಗೆ ಎದುರಾಗಿ ಬರುವ ಕಣಗಳು ಅದಕ್ಕೆ ಬಡಿಯತೊಡಗಿದವು. ಸೌರಮಂಡಲದ ಧೂಳು ಹೆಚ್ಚಾಗಿ ಗ್ರಹಗಳ ಜೊತೆಗೇ ಒಂದೇ ಕಡೆಗೆ ಸುತ್ತುತ್ತದೆ. ಎದುರು ಬರುವ ಇವು ಯಾರು? ಲೆಕ್ಕ ಹಾಕಿದರು. ಸೂರ್ಯ ತನ್ನ ಪರಿವಾರವನ್ನೆಲ್ಲ ಕಟ್ಟಿಕೊಂಡು ಒಂದು ತೆಳುವಾದ ಅನಿಲದ ಮೋಡವನ್ನು ಸೀಳಿಕೊಂಡು ಸೆಕೆಂಡಿಗೆ 26 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಆ ಮೋಡದ ಧೂಳು ಅದೇ ವೇಗದಲ್ಲಿ ನಮ್ಮೊಳಕ್ಕೆ ಹರಿದು ಬರುತ್ತಿದೆ. ಬರುವ ದಿಕ್ಕು ಬೇಕೆ? ಏಪ್ರಿಲ್-ಮೇ ತಿಂಗಳ ರಾತ್ರಿ ವೃಶ್ಚಿಕದ ಕೆಂಪು ಜ್ಯೇಷ್ಠಾ ನಕ್ಷತ್ರವನ್ನು ಹುಡುಕಿ, ಅಲ್ಲಿಂದ ಸ್ವಲ್ಪ ಪೂರ್ವಕ್ಕೆ, ಸ್ವಲ್ಪ ಉತ್ತರಕ್ಕೆ, ಉರಗಧರ ಪುಂಜದ ಕಡೆ ನೋಡಿ. ಆ ಕಡೆಯಿಂದ.

1993ರಲ್ಲಿ ಈ ಸುದ್ದಿ ಪ್ರಕಟವಾಯಿತು. ಬಂದಿದೆ ಅಂತ ಗೊತ್ತಾಯಿತು, ಏನು ಬಂದಿದೆ ಅಂತ ಗೊತ್ತಾಗಲಿಲ್ಲ. ಯೂಲಿಸಿಸ್‌ನ ಉಪಕರಣ ಕಣದ ತೂಕ, ವೇಗ, ದಿಕ್ಕು ಅಂದಾಜು ಮಾಡುತ್ತಿತ್ತು. ಅದರೊಳಗಿನ ಧಾತು ಯಾವುದೆಂದು ಹೇಳುವ ಶಕ್ತಿ ಅದಕ್ಕಿರಲಿಲ್ಲ.

ಇನ್ನು ಸ್ಟಾರ್‌ಡಸ್ಟ್‌ಗೆ ಬರೋಣ. ಅದರ ಹೊಟ್ಟೆಯೊಳಗಿಂದ ಹೊರಕ್ಕೆ ಚಾಚುವ ಒಂದು ಸಂಗ್ರಾಹಕವಿತ್ತು. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಏರೋಜೆಲ್ ಎಂಬ ವಸ್ತುವಿನ ಬಿಲ್ಲೆಗಳು, 132. ಏರೋಜೆಲ್ ಅಂದರೆ ಗಾಜಿನ ಮೂಲವಸ್ತುವಾದ ಸಿಲಿಕಾದಿಂದಲೇ ಮಾಡಿದ್ದು, ಆದರೆ ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಪಾಲು ಖಾಲಿ ಜಾಗ. ಬಂದೂಕಿನ ಗುಂಡಿಗಿಂತ ಎಷ್ಟೋ ಪಟ್ಟು ವೇಗದಲ್ಲಿ ಬರುವ ಕಣ ಗಟ್ಟಿ ಲೋಹಕ್ಕೆ ಬಡಿದರೆ ಆವಿಯಾಗುತ್ತದೆ. ಏರೋಜೆಲ್‌ನಲ್ಲಿ ಅದು ಒಳಹೊಕ್ಕು, ದಾರಿ ಕೊರೆದುಕೊಂಡು, ನಿಧಾನವಾಗಿ, ಕೊನೆಗೊಂದು ಕಡೆ ನಿಲ್ಲುತ್ತದೆ. ಅದು ಕೊರೆದ ದಾರಿಯೇ ಅದು ಬಂದ ದಿಕ್ಕಿನ ದಾಖಲೆ.

ಸಂಗ್ರಾಹಕಕ್ಕೆ ಎರಡು ಮುಖ. ಒಂದು ಮುಖ ವಿಲ್ಡ್-2 ಎಂಬ ಧೂಮಕೇತುವಿಗೆ ಮೀಸಲು. 2004ರ ಜನವರಿ 2ರಂದು ನೌಕೆ ಅದರ ಹತ್ತಿರ ಹಾದು ಅದರ ಧೂಳಿನ ಸಾವಿರಗಟ್ಟಲೆ ಕಣಗಳನ್ನು ಹಿಡಿದಿತ್ತು. ಪತ್ರಿಕೆಗಳೆಲ್ಲ ಬರೆದದ್ದು ಅದರ ಬಗ್ಗೆ. ನಾನು ಕಾಯುತ್ತಿದ್ದದ್ದು ಹಿಂಬದಿಗೆ. ಧೂಮಕೇತುವಿನತ್ತ ಹೋಗುವ ದಾರಿಯಲ್ಲಿ, 2000ರಲ್ಲಿ ಒಮ್ಮೆ, 2002ರಲ್ಲಿ ಇನ್ನೊಮ್ಮೆ, ಒಟ್ಟು 195 ದಿನ ಆ ಹಿಂಬದಿಯನ್ನು ನಾನು ಹೇಳಿದ ಆ ಹರಿವಿಗೆ ಒಡ್ಡಿದ್ದರು. ಧೂಳು ಹರಿದುಹೋಗುವ ಕಡೆಗೇ ನೌಕೆಯೂ ಓಡುವ ಹೊತ್ತನ್ನು ಆರಿಸಿಕೊಂಡಿದ್ದರು, ಬಡಿಯುವ ವೇಗ ಆದಷ್ಟು ತಗ್ಗಲಿ ಅಂತ. ಸಾವಿರ ಚದರ ಸೆಂಟಿಮೀಟರ್ ಅಗಲದ ಆ ಮುಖದಲ್ಲಿ ಸಿಗಬಹುದಾದ ಕಣಗಳು ಹತ್ತಾರು ಅಂತ ಅಂದಾಜು.

ಹುಡುಕುವುದು ಹೇಗೆ? ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ವೆಸ್ಟ್‌ಫಾಲ್ ಅವರ ತಂಡ ಹೇಳಿದ ಲೆಕ್ಕ ನನಗೆ ಈಗಲೂ ಬಾಯಿಪಾಠ: ಒಂದು ಫುಟ್‌ಬಾಲ್ ಮೈದಾನದಲ್ಲಿ 45 ಇರುವೆಗಳಿವೆ, ಭೂತಗನ್ನಡಿ ಹಿಡಿದು ಅಂಗೈಯಗಲ ಅಂಗೈಯಗಲ ಜಾಗ ನೋಡುತ್ತ ಅವನ್ನು ಹುಡುಕಬೇಕು. ಕಂಪ್ಯೂಟರಿಗೆ ಕಲಿಸೋಣವೆಂದರೆ, ಅಂಥ ಕಣ ಕೊರೆದ ದಾರಿ ಹೇಗಿರುತ್ತದೆಂದು ಯಾರೂ ನೋಡಿರಲೇ ಇಲ್ಲ. ಕಲಿಸಲು ಮಾದರಿಯೇ ಇಲ್ಲ. ಮನುಷ್ಯರ ಕಣ್ಣೇ ಬೇಕು, ಅದೂ ಸಾವಿರಾರು. ಆಗ ಅವರು ಲೋಕವನ್ನೇ ಕರೆದರು. ಹೂಸ್ಟನ್‌ನಲ್ಲಿ ಸೂಕ್ಷ್ಮದರ್ಶಕವೊಂದು ತಾನಾಗಿಯೇ ಏರೋಜೆಲ್‌ನ ಚೂರುಚೂರು ಜಾಗವನ್ನು ಮೇಲಿಂದ ಕೆಳಗೆ ಪದರಪದರವಾಗಿ ಫೋಟೊ ತೆಗೆಯುವುದು. ಆ ಫೋಟೊಗಳನ್ನು ಅಂತರಜಾಲದಲ್ಲಿ ಇಡುವುದು. ಯಾರು ಬೇಕಾದರೂ ಬಂದು ನೋಡುವುದು. ಸ್ಟಾರ್‌ಡಸ್ಟ್ ಅಟ್ ಹೋಮ್ ಅಂತ ಹೆಸರು. 2006ರ ಆಗಸ್ಟ್ 1ರಂದು ಶುರುವಾಯಿತು.

ಸುಮ್ಮನೆ ಸೇರಿಸಿಕೊಳ್ಳುತ್ತಿರಲಿಲ್ಲ. ಮೊದಲು ಪಾಠ, ಆಮೇಲೆ ಪರೀಕ್ಷೆ. ಪಾಸಾದವರಿಗೆ ಮಾತ್ರ ನಿಜವಾದ ಫೋಟೊ. ಜೀವನವೆಲ್ಲ ಪರೀಕ್ಷೆ ಮಾಡಿದವನು ನಾನು, ಆ ಸಂಜೆ ಅಕ್ಕನ ಮಗನ ಪಕ್ಕದಲ್ಲಿ ಕೂತು ಬರೆದ ಪರೀಕ್ಷೆಯಷ್ಟು ಮನಸ್ಸಿಟ್ಟು ಯಾವುದನ್ನೂ ಬರೆದಿಲ್ಲ. ಇಬ್ಬರೂ ಪಾಸಾದೆವು.

ಆ ಪರದೆ ಹೇಗಿತ್ತೆಂದು ಹೇಳುತ್ತೇನೆ, ಕಣ್ಣಿಗೆ ಕಟ್ಟಿದ ಹಾಗಿದೆ. ಎಡಗಡೆ ಬೂದು ಬಣ್ಣದ ಒಂದು ಚೌಕ. ಅದರ ಪಕ್ಕದಲ್ಲಿ ನೆಟ್ಟಗೆ ನಿಂತ ಒಂದು ಪಟ್ಟಿ. ಆ ಪಟ್ಟಿಯ ಮೇಲೆ ಮೌಸನ್ನು ಮೇಲಿಂದ ಕೆಳಗೆ ಎಳೆದರೆ ನೋಟ ಏರೋಜೆಲ್‌ನ ಒಳಕ್ಕೆ ಇಳಿಯುತ್ತದೆ. ಮೊದಲು ಮಸುಕು. ಆಮೇಲೆ ಮೇಲ್ಮೈ ಸ್ಪಷ್ಟವಾಗುತ್ತದೆ: ಗೀರುಗಳು, ಬಿರುಕುಗಳು, ಅಂಟಿದ ಕಸ. ಇನ್ನೂ ಕೆಳಗೆ ಹೋದರೆ ಅವೆಲ್ಲ ಕರಗಿಹೋಗುತ್ತವೆ. ಕರಗದೆ, ಕೆಳಗೆ ಹೋದಷ್ಟೂ ಅಂಚು ಗಟ್ಟಿಯಾಗುತ್ತ ಹೋಗುವ ಒಂದು ದುಂಡು ಗುರುತು ಕಂಡರೆ ಅದು ಕಣ ಕೊರೆದ ದಾರಿ. ಅದರ ಮೇಲೆ ಕ್ಲಿಕ್ ಮಾಡಬೇಕು. ಏನೂ ಇಲ್ಲದಿದ್ದರೆ ‘ದಾರಿ ಇಲ್ಲ’ ಎಂಬ ಗುಂಡಿ ಒತ್ತಿ ಮುಂದಿನ ಚೌಕಕ್ಕೆ. ಹೆಚ್ಚಿನ ಹೊತ್ತು ನಾವು ಒತ್ತಿದ್ದು ಅದನ್ನೇ. ಮಳೆ ಜೋರಾದರೆ ಲೈನು ಹೋಗುತ್ತಿತ್ತು. ಬಂದಮೇಲೆ ಮತ್ತೆ ಕೂರುವುದು.

ಒಂದು ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದಾಗಿತ್ತು. ಅಕ್ಕನ ಮಗ ಒಮ್ಮೆಲೇ “ಮಾವ, ಇಲ್ಲಿ ನೋಡಿ!” ಅಂತ ಕೂಗಿದ. ನೋಡಿದೆ. ಮೇಲ್ಮೈ ದಾಟಿ ಕೆಳಗಿಳಿದರೂ ಆ ಗುರುತು ಹೋಗುತ್ತಿಲ್ಲ. ದುಂಡಗೆ, ಕಪ್ಪಗೆ, ನಡುವೆ ಬೆಳಕಿನ ಒಂದು ಚುಕ್ಕೆ. ಅವನ ಕೈ ನಡುಗುತ್ತಿತ್ತು. “ಒತ್ತು” ಅಂದೆ. ಒತ್ತಿದ. ಸರಿಯಾಗಿ ಗುರುತಿಸಿದ್ದೀರಿ, ಇದು ನಿಮ್ಮ ಕಣ್ಣನ್ನು ಪರೀಕ್ಷಿಸಲು ನಾವೇ ಇಟ್ಟ ಮಾದರಿ ಅಂತ ಉತ್ತರ ಬಂತು. ನಿಜವಾದ ಚೌಕಗಳ ನಡುವೆ ಅಲ್ಲಲ್ಲಿ ಇಂಥವನ್ನು ಸೇರಿಸಿಡುತ್ತಿದ್ದರು. ನೋಡುವವರು ದಣಿದು ಕಣ್ಣು ತಪ್ಪಿಸುತ್ತಿದ್ದಾರೋ, ಆಸೆಗೆ ಬಿದ್ದು ಕಂಡದ್ದಕ್ಕೆಲ್ಲ ಒತ್ತುತ್ತಿದ್ದಾರೋ ಅಂತ ತಿಳಿಯಲು. ಅವನಿಗೆ ನಿರಾಸೆಯಾಯಿತು. ನನಗೆ ಆ ತಂಡದ ಮೇಲೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ. ನಂಬುವುದಕ್ಕೂ ಒಂದು ಅಳತೆ ಇಟ್ಟುಕೊಂಡಿದ್ದರು ಅವರು.

ನಮ್ಮಿಬ್ಬರ ಕಣ್ಣಿಗೆ ನಿಜವಾದ ಕಣ ಬೀಳಲಿಲ್ಲ. ಬಿದ್ದದ್ದು ಕೆನಡಾದ ಒಬ್ಬರಿಗೆ, ಇಂಗ್ಲೆಂಡಿನ ಒಬ್ಬರಿಗೆ. ಕಂಡುಹಿಡಿದವರೇ ಹೆಸರಿಡಬಹುದು ಅಂತ ಮೊದಲೇ ಮಾತು ಕೊಟ್ಟಿದ್ದರು. ಒಂದಕ್ಕೆ ಒರಾಯನ್ ಅಂತ, ಇನ್ನೊಂದಕ್ಕೆ ಹೈಲಾಬ್ರೂಕ್ ಅಂತ ಹೆಸರಾಯಿತು. ಕಣ್ಣು ಕೊಟ್ಟ ಎಲ್ಲರೂ, 30,000ಕ್ಕೂ ಹೆಚ್ಚು ಜನ, ಒಟ್ಟಾಗಿ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಸೇರಿದರು. ಅದರಲ್ಲಿ ಮಲೆನಾಡಿನ ಇಬ್ಬರೂ ಇದ್ದಾರೆ ಅನ್ನುವುದು ನನ್ನ ಹೆಮ್ಮೆ.

ದಾರಿ ಸಿಕ್ಕಿದ ಮೇಲಿನ ಕೆಲಸ ಇನ್ನೂ ಕಷ್ಟದ್ದು. ಕೂದಲೆಳೆಗಿಂತ ಸಣ್ಣಗೆ ಎಳೆದ ಗಾಜಿನ ಸೂಜಿಯನ್ನು ಯಂತ್ರದ ಕೈಗೆ ಕಟ್ಟಿ, ಏರೋಜೆಲ್‌ನಿಂದ ಆ ದಾರಿಯಿರುವ ಚೂರನ್ನಷ್ಟೇ ಕೊಯ್ದು ತೆಗೆಯುತ್ತಿದ್ದರು. ಆ ಚೂರನ್ನು ತೆಳುವಾದ ಎರಡು ಪರದೆಗಳ ನಡುವೆ ಇಟ್ಟು ಬರ್ಕ್ಲಿಯಲ್ಲಿ, ಫ್ರಾನ್ಸಿನ ಗ್ರನೋಬ್ಲ್‌ನಲ್ಲಿ ಸಿಂಕ್ರೊಟ್ರಾನ್ ಯಂತ್ರದ ಎಕ್ಸ್-ಕಿರಣ ಹಾಯಿಸಿ ನೋಡಿದರು. ಕಿರಣದ ಕೆಳಗೆ ಪ್ರತಿಯೊಂದು ಧಾತುವೂ ತನ್ನದೇ ಗುರುತಿನ ಬೆಳಕು ಬಿಡುತ್ತದೆ. ಕಿರಣ ಹೆಚ್ಚಾದರೆ ಕಣವೇ ಕೆಡುತ್ತದೆ, ಕಡಿಮೆಯಾದರೆ ಏನೂ ಕಾಣುವುದಿಲ್ಲ. ತೂಕವೋ, ಕೆಲವೇ ಪಿಕೋಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಗ್ರಾಂ.

ಇಷ್ಟೆಲ್ಲ ಮಾಡಿ ಅವರು ಮೊದಲು ಕೇಳಿಕೊಂಡ ಪ್ರಶ್ನೆ ಏನು ಗೊತ್ತೆ? ಇದು ನಮ್ಮದೇ ಧೂಳೋ ಅಂತ.

ಯಾಕೆಂದರೆ ನೌಕೆಯ ಮೈಗೂ ಕಣಗಳು ಬಡಿಯುತ್ತವೆ. ಸೌರಫಲಕದ ಗಾಜಿಗೆ ಬಡಿದಾಗ ಗಾಜಿನ ಚೂರು ಸಿಡಿದು ಸಂಗ್ರಾಹಕದೊಳಕ್ಕೆ ಬೀಳುತ್ತದೆ. ಅದೂ ದಾರಿ ಕೊರೆಯುತ್ತದೆ, ಅದೂ ಕಪ್ಪಗೆ ದುಂಡಗೆ ಕಾಣುತ್ತದೆ. ಅದನ್ನು ಗುರುತಿಸಿದ್ದು ಎರಡು ಸಾಕ್ಷಿಯಿಂದ. ಒಂದು, ದಾರಿಯ ಓರೆ: ಹಿಂದಕ್ಕೆ ಎಳೆದರೆ ಸೌರಫಲಕಕ್ಕೆ ಹೋಗಿ ಮುಟ್ಟುವ ದಾರಿಗಳ ಮೇಲೆ ಗುಮಾನಿ. ಇನ್ನೊಂದು, ಧಾತು: ಆ ಫಲಕದ ಗಾಜಿಗೆ ಸೀರಿಯಂ ಬೆರೆಸಿತ್ತು. ಆಕಾಶದ ಧೂಳಿನಲ್ಲಿ ಅಷ್ಟು ಸೀರಿಯಂ ಇರಲಾರದು. ಸೀರಿಯಂ ಕಂಡರೆ ಅದು ಮನೆಯದೇ ಕಸ.

ಹೀಗೆ ಸೋಸಿ ಸೋಸಿ 50ಕ್ಕೂ ಹೆಚ್ಚು ಕಣಗಳನ್ನು ನೌಕೆಯ ಚೂರುಗಳೆಂದು ಪಕ್ಕಕ್ಕಿಟ್ಟರು. ಉಳಿದದ್ದು ಏಳು. 2014ರ ಆಗಸ್ಟ್ 15ರ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ಕೋಶ ಇಳಿದು ಎಂಟು ವರ್ಷ ಕಳೆದಿತ್ತು.

ಏಳರಲ್ಲಿ ಮೂರು ಏರೋಜೆಲ್‌ನಲ್ಲಿ, ನಾಲ್ಕು ಬಿಲ್ಲೆಗಳ ನಡುವಿನ ಅಲ್ಯೂಮಿನಿಯಂ ಹಾಳೆಯಲ್ಲಿ. ಒರಾಯನ್, ಹೈಲಾಬ್ರೂಕ್ ಎರಡೂ ಸಡಿಲವಾದ ಕಣಗಳು, ಸುಮಾರು 2 ಮೈಕ್ರೊಮೀಟರ್. ಒಳಗೆ ಆಲಿವಿನ್ ಎಂಬ ಖನಿಜದ ಹರಳು. ಮೆಗ್ನೀಸಿಯಂ, ಸಿಲಿಕಾನ್, ಆಮ್ಲಜನಕ ಸೇರಿದ್ದು, ನಮ್ಮ ಭೂಮಿಯ ಒಳಪದರದಲ್ಲೂ ಹೇರಳವಾಗಿರುವುದು. ಮೂರನೆಯದಕ್ಕೆ ಸೊರೊಕ್ ಅಂತ ಹೆಸರು. ಅದು ಸೆಕೆಂಡಿಗೆ 15 ಕಿ.ಮೀ.ಗಿಂತ ವೇಗವಾಗಿ ಬಡಿದಿದ್ದರಿಂದ ದಾರಿ ಮಾತ್ರ ಉಳಿದಿತ್ತು, ಕಣ ಉಳಿದಿರಲಿಲ್ಲ. ಹಾಳೆಯಲ್ಲಿ ಸಿಕ್ಕಿದವು ಸಣ್ಣ ಕುಳಿಗಳು. ಕುಳಿಯ ತಳದಲ್ಲಿ ಕರಗಿ ಅಂಟಿದ ಶೇಷ. ಕೆಲವದರಲ್ಲಿ ಕಬ್ಬಿಣದ ಜೊತೆ ಗಂಧಕ. ಇದು ಹಲವರು ನಿರೀಕ್ಷಿಸದ್ದು. ಇದ್ದದ್ದು ಏಳೇ, ಅವುಗಳಲ್ಲೂ ಎಷ್ಟೊಂದು ವ್ಯತ್ಯಾಸ. ಬೆಳಕನ್ನು ಓದಿ ಕಟ್ಟಿದ್ದ ಒಂದೇ ಮಾದರಿಯ ಧೂಳಿನ ಚಿತ್ರಕ್ಕೆ ಅವು ಹೊಂದಲಿಲ್ಲ.

ಮತ್ತೆ, ಇಷ್ಟಾದ ಮೇಲೂ ಆ ಪ್ರಬಂಧದಲ್ಲಿ ಅವನ್ನು ‘ನಕ್ಷತ್ರಗಳ ನಡುವಿನ ಧೂಳು’ ಅಂತ ಘೋಷಿಸಿರಲಿಲ್ಲ. ಅಂಥ ಮೂಲಕ್ಕೆ ಹೊಂದುವ ಲಕ್ಷಣಗಳಿವೆ, ಇವು ಅಭ್ಯರ್ಥಿಗಳು ಅಂತ ಬರೆದಿದ್ದರು. ಆ ಮಾತನ್ನು ನಾನು ಮಕ್ಕಳಿಗೆ ಒತ್ತಿ ಹೇಳುತ್ತೇನೆ. ಆಮ್ಲಜನಕದ ಐಸೊಟೋಪುಗಳ, ಅಂದರೆ ತೂಕದಲ್ಲಿ ಬೇರೆ ಬೇರೆಯಾದ ಆಮ್ಲಜನಕದ ಪರಮಾಣುಗಳ, ಪ್ರಮಾಣವನ್ನು ಚೆನ್ನಾಗಿ ಅಳೆದರೆ ಇನ್ನೂ ಗಟ್ಟಿಯಾಗಿ ಹೇಳಬಹುದು. ಆದರೆ ಹಾಗೆ ಅಳೆಯಲು ಕಣದ ಮೈಯನ್ನೇ ಸವೆಸಬೇಕು. ಏಳೇ ಇರುವಾಗ ಅಷ್ಟು ಸುಲಭಕ್ಕೆ ಸವೆಸಲಾಗದು. ಎಂಟು ವರ್ಷ ದುಡಿದು, ಜಗತ್ತೇ ಕಾಯುತ್ತಿರುವಾಗ, ಕೈಯಲ್ಲಿ ಇದ್ದಷ್ಟನ್ನೇ ಹೇಳಿದ ಆ ಜನ ನನ್ನ ಪಾಲಿಗೆ ದೊಡ್ಡವರು.

“ಹಾಗಾದ್ರೆ ಹಿಡಿದು ತರದೆ, ಅಲ್ಲೇ ನೋಡೋಕೆ ಆಗಲ್ವಾ ಅಜ್ಜಾ?” ದೊಡ್ಡವನ ಪ್ರಶ್ನೆ ಇದು, ಅವನು ಈಗ ಒಂಬತ್ತನೇ ಕ್ಲಾಸು.

ಆಗುತ್ತದೆ. ಅದರ ಕಥೆ ಇನ್ನೂ ಹಿಂದಿನದು. 1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ನಸುಕಿಗೆ ಗದ್ದೆಬಯಲಿಗೆ ಹೋಗಿ ನೋಡಿದ್ದೆವು. ಅದೇ ಹೊತ್ತಿಗೆ ಸೋವಿಯೆತ್ತಿನ ವೇಗಾ ನೌಕೆಗಳೆರಡು, ಯುರೋಪಿನ ಜಿಯೊಟ್ಟೊ ಒಂದು ಆ ಧೂಮಕೇತುವಿನ ಧೂಳಿನೊಳಗೇ ನುಗ್ಗಿದವು. ಮೂರರಲ್ಲೂ ಜರ್ಮನಿಯ ಹೈಡೆಲ್‌ಬರ್ಗ್‌ನ ಯೋಖನ್ ಕಿಸ್ಸೆಲ್ ಅವರ ಧೂಳು ವಿಶ್ಲೇಷಕಗಳಿದ್ದವು. ಉಪಾಯ ಇಷ್ಟು: ಕಣ ಬಂದು ಲೋಹದ ಫಲಕಕ್ಕೆ ಬಡಿಯಲಿ, ಆವಿಯಾಗಲಿ. ಆ ವೇಗಕ್ಕೆ ಪರಮಾಣುಗಳು ವಿದ್ಯುದಾವೇಶ ಪಡೆದು ಅಯಾನುಗಳಾಗುತ್ತವೆ. ವಿದ್ಯುತ್ ಕ್ಷೇತ್ರದಿಂದ ಅವನ್ನೆಲ್ಲ ಒಂದೇ ಸಲಕ್ಕೆ ಓಡಿಸಿದರೆ ಹಗುರವಾದವು ಬೇಗ ಮುಟ್ಟುತ್ತವೆ, ಭಾರದವು ತಡವಾಗಿ. ಮುಟ್ಟಿದ ಹೊತ್ತು ನೋಡಿ ಇದು ಕಾರ್ಬನ್, ಇದು ಮೆಗ್ನೀಸಿಯಂ, ಇದು ಕಬ್ಬಿಣ ಅಂತ ಓದಿಬಿಡಬಹುದು. ಸ್ಟಾರ್‌ಡಸ್ಟ್ ನೌಕೆಯಲ್ಲೂ ಅವರದೇ ಒಂದು ಉಪಕರಣವಿತ್ತು.

ಅದೇ ವಂಶದ ಇನ್ನೊಂದು ಉಪಕರಣ ಶನಿಗ್ರಹಕ್ಕೆ ಹೋದ ಕ್ಯಾಸಿನಿ ನೌಕೆಯಲ್ಲಿತ್ತು. 1997ರಲ್ಲಿ ಹೊರಟ ಕ್ಯಾಸಿನಿ 2004ರಲ್ಲಿ ಶನಿ ಸೇರಿತು. ಶನಿಯ ಸುತ್ತ ಮಂಜುಗಡ್ಡೆಯ ಕಣಗಳು ಎಷ್ಟೆಂದರೆ ಉಪಕರಣ ಲಕ್ಷಗಟ್ಟಲೆ ಕಣಗಳ ಹೊಡೆತ ದಾಖಲಿಸಿತು. ಆ ರಾಶಿಯಿಂದ, ಸೌರಮಂಡಲದ ಸೆರೆಗೆ ಸಿಗಲಾರದಷ್ಟು ವೇಗದಲ್ಲಿ, ಅದೇ ಉರಗಧರದ ಕಡೆಯಿಂದ ಬಂದವನ್ನು ಆರಿಸಿದರು. ಸಿಕ್ಕಿದ್ದು 36. ನಿಕೊಲಾಸ್ ಅಲ್ಟೊಬೆಲ್ಲಿ ಮತ್ತು ಸಂಗಡಿಗರು 2016ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಮೆಗ್ನೀಸಿಯಂ, ಸಿಲಿಕಾನ್, ಕಬ್ಬಿಣ, ಕ್ಯಾಲ್ಸಿಯಂ. ವಿಶ್ವದಲ್ಲಿ ಅವು ಸಾಮಾನ್ಯವಾಗಿ ಯಾವ ಪ್ರಮಾಣದಲ್ಲಿ ಇವೆಯೋ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ. ಗಂಧಕ, ಕಾರ್ಬನ್ ಕಡಿಮೆ. 36 ಕಣಗಳೂ ಒಂದರ ಹಾಗೆ ಇನ್ನೊಂದು. ನಕ್ಷತ್ರ ಸಿಡಿದಾಗಿನ ಆಘಾತದಲೆಗಳಲ್ಲಿ ಹಲವು ಸಲ ಪುಡಿಯಾಗಿ, ಹಲವು ಸಲ ಮತ್ತೆ ಗಟ್ಟಿಯಾಗಿ ಒಂದೇ ಸಮನಾಗಿರಬೇಕು ಅಂದರು.

“ಅವರು ಎಲ್ಲ ಬೇರೆ ಬೇರೆ ಅಂದ್ರು, ಇವರು ಎಲ್ಲ ಒಂದೇ ಅಂತಾರೆ. ಯಾರು ಸರಿ?”

ಇಬ್ಬರೂ ತಾವು ಕಂಡದ್ದನ್ನು ಹೇಳಿದ್ದಾರೆ. ಸ್ಟಾರ್‌ಡಸ್ಟ್ ಹಿಡಿದ ಒರಾಯನ್, ಹೈಲಾಬ್ರೂಕ್ ದೊಡ್ಡ ಕಣಗಳು. ಕ್ಯಾಸಿನಿಗೆ ಬಡಿದವು ಅದಕ್ಕಿಂತ ಬಹಳ ಸಣ್ಣವು. ಒಂದರಲ್ಲಿ ಏಳು, ಇನ್ನೊಂದರಲ್ಲಿ 36. ಇಷ್ಟರ ಮೇಲೆ ಇಡೀ ಆಕಾಶಗಂಗೆಯ ಧೂಳಿನ ಬಗ್ಗೆ ತೀರ್ಪು ಕೊಡಬಾರದು. ನನ್ನ ಅನಿಸಿಕೆ ಕೇಳಿದರೆ, ಧೂಳು ನಾವು ತಿಳಿದದ್ದಕ್ಕಿಂತ ಹೆಚ್ಚು ಬಗೆಯದು. ಒಂದೊಂದು ಉಪಕರಣಕ್ಕೆ ಒಂದೊಂದು ಬಗೆ ಸಿಕ್ಕಿದೆ. ಇನ್ನೂ ಕಣಗಳು ಬೇಕು.

ಆ ಕೆಲಸ ನಡೆದಿದೆ. ನಮ್ಮಲ್ಲೂ 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನ ಕೊನೆಯ ಹಂತದ ಮೇಲೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಡೆಕ್ಸ್ ಎಂಬ ಪುಟ್ಟ ಧೂಳು ಶೋಧಕ ಹೋಗಿತ್ತು. ಡೆಕ್ಸ್ ನೋಡಿದ್ದು ಗ್ರಹಗಳ ನಡುವಿನ ಧೂಳನ್ನು, ನಕ್ಷತ್ರಗಳ ನಡುವಿನದನ್ನಲ್ಲ. ಆದರೂ ಈ ವಿದ್ಯೆಯಲ್ಲಿ ನಮ್ಮ ಮೊದಲ ಹೆಜ್ಜೆಗಳಲ್ಲಿ ಒಂದು. 2025ರ ಸೆಪ್ಟೆಂಬರ್ 24ರಂದು ನಾಸಾ ಹಾರಿಸಿದ ಐಮ್ಯಾಪ್ ನೌಕೆಯಲ್ಲಿ ಐಡೆಕ್ಸ್ ಎಂಬ ಉಪಕರಣವಿದೆ, ಕೊಲರಾಡೊ ವಿಶ್ವವಿದ್ಯಾಲಯದವರು ಕಟ್ಟಿದ್ದು. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು, ಬಡಿದ ಕಣದ ಧಾತುಗಳನ್ನು ಓದುವುದೇ ಅದರ ಕೆಲಸ. ಏಳು, 36 ಎಂಬ ಲೆಕ್ಕ ಅದರಿಂದ ನೂರುಗಳಿಗೆ ಏರಲಿ ಅಂತ ಅವರ ನಿರೀಕ್ಷೆ.

ಅಕ್ಕನ ಮಗನ ಸೈಬರ್ ಸೆಂಟರ್ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿ ಇದೆ. ಆದರೆ ಅಲ್ಲಿ ನಾವು ಮಾಡಿದಂಥ ಕೆಲಸಕ್ಕೆ ಈಗ ಬಾಗಿಲು ಇನ್ನೂ ಅಗಲವಾಗಿದೆ. ಸ್ಟಾರ್‌ಡಸ್ಟ್ ಅಟ್ ಹೋಮ್ ನೋಡಿಯೇ 2007ರಲ್ಲಿ ಗ್ಯಾಲಕ್ಸಿ ಜೂ ಎಂಬ ಯೋಜನೆ ಹುಟ್ಟಿತು, ಅದರಿಂದ ಜೂನಿವರ್ಸ್ ಎಂಬ ತಾಣ ಬೆಳೆಯಿತು. ದುಡ್ಡು ಕೊಡಬೇಕಿಲ್ಲ, ಪದವಿ ಕೇಳುವುದಿಲ್ಲ. ನಿಮ್ಮ ಊರಿನ ಶಾಲೆಯಲ್ಲಿ ಒಂದು ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇದ್ದರೆ, ಮೇಷ್ಟ್ರುಗಳೇ, ವಾರಕ್ಕೊಂದು ಪಿರಿಯಡ್ ಮಕ್ಕಳನ್ನು ಅದರ ಮುಂದೆ ಕೂರಿಸಿ. ಇಂಗ್ಲಿಷು ತೊಡಕಾದರೆ ನೀವು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿಕೊಡಿ. ಎಂಟನೇ ಕ್ಲಾಸಿನ ಮಕ್ಕಳಿಗೆ ಅದು ಧಾರಾಳವಾಗಿ ಸಾಕು.